ರೆಡ್ ಕರಂಟ್ ಗಿಡದ ತುಂಬಾ ಎಲೆ, ಹಣ್ಣು ಮಾತ್ರ ಇಲ್ಲ

ಪ್ರಶ್ನೆ:
ನಾಲ್ಕು ವರ್ಷದ ಹಿಂದೆ ಎರಡು ರೆಡ್ ಕರಂಟ್ (ಗೊಂಚಲಾಗಿ ಬಿಡುವ ಪುಟ್ಟ ಕೆಂಪು ಹುಳಿ ಹಣ್ಣು) ಗಿಡ ನೆಟ್ಟೆ. ಪಕ್ಕದಲ್ಲೇ ಬ್ಲ್ಯಾಕ್ ಕರಂಟ್ ಇದೆ, ಅದು ಪ್ರತಿ ಬೇಸಿಗೆಯಲ್ಲೂ ಬುಟ್ಟಿ ತುಂಬಿಸುತ್ತದೆ. ಕೆಂಪಿನದು ಸೊಂಪಾಗಿ ಬೆಳೆದರೂ ಹೋದ ವರ್ಷ ಸಿಕ್ಕಿದ್ದು ಮೂರೇ ಗೊಂಚಲು. ಚಳಿಗಾಲದಲ್ಲಿ ಎರಡಕ್ಕೂ ಒಂದೇ ರೀತಿ ಕತ್ತರಿ ಹಾಕುತ್ತೇನೆ. ಹಳೆ ಕೊಂಬೆಗಳನ್ನು ಬುಡಕ್ಕೇ ತೆಗೆದು ಹೊಸದನ್ನು ಉಳಿಸುತ್ತೇನೆ. ಗೊಬ್ಬರ ಸಾಲುತ್ತಿಲ್ಲವಾ? ಜೊತೆಗೆ ಬೇರೆ ತಳಿ ನೆಡಬೇಕಾ? ತುಂಬಾ ಆಸೆಯಿಂದ ನೆಟ್ಟ ಗಿಡ, ಬೇಜಾರಾಗುತ್ತಿದೆ.

ಉತ್ತರ 1:
ಬೇರೆ ತಳಿ ಬೇಡ. ಒಂದೇ ಗಿಡವಿದ್ದರೂ ಕಾಯಿ ಕಚ್ಚುತ್ತದೆ. ತೊಂದರೆ ಇರುವುದು ಕತ್ತರಿ ಹಾಕುವುದರಲ್ಲಿ. ನಾನೂ ಮೂರು ವರ್ಷ ಇದನ್ನೇ ಮಾಡಿದ್ದೆ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ಬ್ಲ್ಯಾಕ್ ಕರಂಟ್ ಹೋದ ವರ್ಷ ಬಂದ ಎಳೆ ಕೊಂಬೆಯಲ್ಲೇ ಚೆನ್ನಾಗಿ ಬಿಡುತ್ತದೆ. ಕೆಂಪಿನದು ಹಾಗಲ್ಲ. ಎರಡು ಮೂರು ವರ್ಷದ ಕೊಂಬೆಯ ಮೇಲೆ ಗಂಟುಗಂಟಾದ ಗಿಡ್ಡ ಕುಡಿಗಳು ಇರುತ್ತವೆ ಅಲ್ವಾ, ಹಣ್ಣು ಜಾಸ್ತಿ ಬರುವುದು ಅಲ್ಲೇ. ನೀವು ಪ್ರತಿ ವರ್ಷ ಅದನ್ನೇ ಕಡಿದು ಎಸೆಯುತ್ತಿದ್ದೀರಿ.

ಈ ಸಲ 8–10 ಗಟ್ಟಿ ಕೊಂಬೆ ಉಳಿಸಿ. ಗಿಡದ ನಡುಭಾಗ ಬಟ್ಟಲಿನ ಹಾಗೆ ತೆರೆದಿರಲಿ, ಗಾಳಿ ಬೆಳಕು ಒಳಗೆ ಹೋಗಬೇಕು. ಕೊಂಬೆಯ ಪಕ್ಕದ ಚಿಗುರಿನಲ್ಲಿ ಬುಡದ ಒಂದೆರಡು ಕಣ್ಣು (ಚಿಗುರು ಒಡೆಯುವ ಮೊಗ್ಗು) ಉಳಿಸಿ ಮೊಟಕು ಮಾಡಿ. ತುಂಬಾ ಹಳೆಯದಾಗಿ ಸೊರಗಿದ ಕೊಂಬೆಯನ್ನು ಮಾತ್ರ ಬುಡದಿಂದ ತೆಗೆಯಿರಿ, ಅದೂ ವರ್ಷಕ್ಕೆ ಒಂದೋ ಎರಡೋ.

ಉತ್ತರ 2:
ಮೇಲೆ ಹೇಳಿದ್ದು ಸರಿ. ಗೊಬ್ಬರದ ಬಗ್ಗೆ ಒಂದು ಮಾತು. ಸಾರಜನಕ ಜಾಸ್ತಿಯಾದರೆ ಬರೀ ಎಲೆ ಬರುತ್ತದೆ. ಈ ಗಿಡ ಕೇಳುವುದು ಪೊಟ್ಯಾಶ್, ಅಂದರೆ ಪೊಟ್ಯಾಸಿಯಂ ಇರುವ ಗೊಬ್ಬರ. ಆದರೆ ಮ್ಯುರಿಯೇಟ್ ಆಫ್ ಪೊಟ್ಯಾಶ್ (ಪೊಟ್ಯಾಸಿಯಂ ಕ್ಲೋರೈಡ್) ಹಾಕಬೇಡಿ, ಅದರ ಕ್ಲೋರೈಡ್ ಇದಕ್ಕೆ ಆಗುವುದಿಲ್ಲ. ಸಲ್ಫೇಟ್ ಆಫ್ ಪೊಟ್ಯಾಶ್ ತನ್ನಿ. ಬೇರು ಮೇಲುಮೇಲೇ ಹರಡಿರುತ್ತದೆ, ಬುಡದಲ್ಲಿ ಸುಮ್ನೆ ಅಗೆಯಬೇಡಿ. ಕಳೆ ಬಾರದಂತೆ ಕೊಳೆತ ಎಲೆ ಹೊದಿಸಿದರೆ ಸಾಕು. ಹೂವು ಬೇಗ ಬರುತ್ತದೆ, ಹಿಮ ಬೀಳುವ ರಾತ್ರಿ ಗಿಡಕ್ಕೆ ಬಟ್ಟೆ ಹೊದಿಸಿ. ಕಾಯಿ ಕೆಂಪಾಗುವ ಮೊದಲೇ ಬಲೆ ಕಟ್ಟಿ. ನನ್ನದು ಒಂದು ಸಲ ಎರಡೇ ದಿನದಲ್ಲಿ ಹಕ್ಕಿಗಳ ಪಾಲಾಯಿತು.

ಪ್ರಶ್ನೆ ಕೇಳಿದವರು:
ಈಗಷ್ಟೇ ಹೋಗಿ ನೋಡಿ ಬಂದೆ. ಬೇಲಿ ಕಡೆ ಒಂದು ಹಳೆ ಕೊಂಬೆ ನನ್ನ ಕತ್ತರಿಗೆ ಸಿಗದೆ ಉಳಿದಿದೆ, ಮೈತುಂಬಾ ಆ ಗಂಟುಗಳು. ಆ ಮೂರು ಗೊಂಚಲು ಬಂದಿದ್ದು ಅದರಲ್ಲೇ!