ಬಾತ್‌ರೂಮಲ್ಲಿ ಜಾರಿದ್ದಲ್ಲ ಅಕ್ಕ, ಓಡಿ ಓಡಿಯೇ ಮೂಳೆ ಬಿರುಕು ಬಿಟ್ಟಿದ್ದು

ಪುಟ್ಟಾ, ಟೈಪ್ ಮಾಡುತ್ತಾ ಕೂತರೆ ರಾತ್ರಿ ಆಗುತ್ತದೆ, ಅದಕ್ಕೆ ನಮ್ಮ ಮನೆಯವರ ಗುಂಪಿಗೆ ಮಾತಾಡಿಯೇ ಕಳಿಸುತ್ತಿದ್ದೇನೆ. ಮಧ್ಯೆ ಕುಕ್ಕರ್ ಕೂಗಿದರೆ ಬೈಕೋಬೇಡಿ.

ಭಾನುವಾರ 26 ಕಿಲೋಮೀಟರ್ ಓಡಿ ಬಂದಮೇಲೆ ಎಡಗಾಲಿನ ಮೂಳೆ ನೋಯುತ್ತಿದೆ, ಮುಂಬೈ ಮ್ಯಾರಥಾನ್‌ಗೆ ಒಂಬತ್ತೇ ವಾರ ಇದೆ, ಏನು ಮಾಡಲಿ ಅಂತ ಕೇಳಿದ್ದೀಯ. ಭಾವ ಎಣ್ಣೆ ಬಿಸಿ ಮಾಡಿ ಚೆನ್ನಾಗಿ ತಿಕ್ಕು ಅಂದರು. ಅಣ್ಣ ಮಾತ್ರೆ ನುಂಗಿ ಓಡು ಅಂದ. ಅಕ್ಕ ಅಂತೂ, ಈ ಓಟದಿಂದ ಯಾರು ಉದ್ಧಾರ ಆಗಬೇಕು, ಬಿಟ್ಟುಬಿಡು ಅಂತ ಮೂರು ಸಲ ಹಾಕಿದ್ದಾಳೆ.

ಅಕ್ಕ, ನಿನಗೆ ಒಂದು ಸುಳ್ಳು ಹೇಳಿದ್ದೆ. ಎರಡು ವರ್ಷದ ಹಿಂದೆ ಇದೇ ನವೆಂಬರ್‌ನಲ್ಲಿ ನಾನು ಊರುಗೋಲು ಹಿಡಿದಾಗ ಬಾತ್‌ರೂಮಲ್ಲಿ ಜಾರಿದೆ ಅಂದಿದ್ದೆನಲ್ಲ, ಜಾರಿರಲಿಲ್ಲ. ನಿಜ ಹೇಳಿದರೆ ನೀನು ಶೂ ಎತ್ತಿ ಅಟ್ಟಕ್ಕೆ ಹಾಕುತ್ತಿದ್ದೆ.

ಆಗಿದ್ದು ಇಷ್ಟು. ವಾರಕ್ಕೆ 35 ಕಿಲೋಮೀಟರ್ ಓಡುತ್ತಿದ್ದವಳು ಮೂರೇ ವಾರದಲ್ಲಿ 55ಕ್ಕೆ ಏರಿಸಿದೆ. ಕುಕ್ಕರಹಳ್ಳಿ ಕೆರೆ ಏರಿಯ ಮಣ್ಣಿನ ದಾರಿ ಬಿಟ್ಟು ಚಾಮುಂಡಿ ಬೆಟ್ಟದ ಡಾಂಬರು ರಸ್ತೆ ಹಿಡಿದೆ. ಶೂ ಅಡಿ ಸವೆದು ಹಪ್ಪಳ ಆಗಿತ್ತು. ಮೊದಮೊದಲು ಓಟ ಶುರುವಾದಾಗ ನೋವು, ಎರಡು ಕಿಲೋಮೀಟರ್ ಆದಮೇಲೆ ಮಾಯ. ಆಮೇಲೆ ಓಟ ಮುಗಿಯುವ ತನಕ ನೋವು. ಆಮೇಲೆ ರಾತ್ರಿ ಮಲಗಿದಾಗಲೂ ಬಂತು. ಎಕ್ಸ್‌ರೇ ತೆಗೆಸಿದರೆ ನಾರ್ಮಲ್! ಆ ನಾರ್ಮಲ್ ಅನ್ನೋ ಪದ ನಂಬಿ ಇನ್ನೂ ಮೂರು ವಾರ ಓಡಿದೆ. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಎಂಆರ್‌ಐಯಲ್ಲಿ ಕಾಣುತ್ತದೆ ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಹಾಲು ತರೋಕೂ ಕುಂಟುತ್ತಿದ್ದೆ.

ಈಗ ನೀನು ಒಂದು ಕೆಲಸ ಮಾಡು. ಸ್ಟೂಲ್ ಮೇಲೆ ಕೂತು, ಮಂಡಿಯಿಂದ ಹರಡಿನವರೆಗೆ ಆ ಮೂಳೆಯ ಒಳಅಂಚನ್ನು ಹೆಬ್ಬೆರಳಲ್ಲಿ ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಬಾ. ಒಂದು ಗೇಣಿನಷ್ಟು ಉದ್ದಕ್ಕೂ ಹರಡಿಕೊಂಡು ನೋಯುತ್ತಿದ್ದರೆ ಅದು ಹೆಚ್ಚಾಗಿ ಶಿನ್ ಸ್ಪ್ಲಿಂಟ್, ಅಂದರೆ ಜಾಸ್ತಿ ಓಡಿ ಆ ಮೂಳೆಯ ಅಂಚಿಗೆ ಬರುವ ನೋವು, ಬಿರುಕಲ್ಲ. ಓಟ ಕಮ್ಮಿ ಮಾಡಿ, ಶೂ ಬದಲಾಯಿಸಿ, ಮೀನಖಂಡಕ್ಕೆ ಬಲ ಬರಿಸಿದರೆ ಸಾಮಾನ್ಯವಾಗಿ ದಾರಿಗೆ ಬರುತ್ತದೆ. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ, ಇಲ್ಲೇ, ಅಂತ ಒಂದೇ ಬೆರಳಿಟ್ಟು ತೋರಿಸುವ ಹಾಗಿದ್ದರೆ ಅದು ಬಿರುಕು ಇರಬಹುದು, ಇವತ್ತಿಂದಲೇ ಓಟ ಬಂದ್. ಕ್ರೀಡಾ ಗಾಯ ನೋಡುವ ಡಾಕ್ಟರ್ ಹತ್ತಿರ ಹೋಗು. ನೋವು ಇದೆಯಾ ಅಂತ ಕುಂಟಾಬಿಲ್ಲೆ ಆಡಿದ ಹಾಗೆ ಒಂಟಿ ಕಾಲಲ್ಲಿ ಹಾರಿ ಹಾರಿ ನೋಡಬೇಡ, ನಾನು ದಿನಾ ಅದೇ ಮಾಡಿ ಇನ್ನಷ್ಟು ಕೆಡಿಸಿಕೊಂಡೆ.

ಭಾವ, ಎಣ್ಣೆ ಸ್ನಾಯುವಿಗೆ ಸರಿ, ಬಿರುಕು ಬಿಟ್ಟ ಮೂಳೆಯ ಮೇಲೆ ತಿಕ್ಕೋದು ಬೇಡ. ಅಣ್ಣ, ಮಾತ್ರೆ ನೋವನ್ನಷ್ಟೇ ಮುಚ್ಚುತ್ತದೆ. ಅದೂ ಬೆವರಿ ಮೈಯಲ್ಲಿ ನೀರು ಕಮ್ಮಿ ಆದಾಗ ಆ ಮಾತ್ರೆಗಳು ಕಿಡ್ನಿಗೆ ಒಳ್ಳೆಯದಲ್ಲ.

ಇನ್ನೊಂದು, ಹೆಣ್ಣುಮಕ್ಕಳೂ ಕೇಳಿಸಿಕೊಳ್ಳಿ. ನಾನು ತೂಕ ಇಳಿಸೋಕೆ ಅಂತ ಬೆಳಗಿನ ತಿಂಡಿ ಬಿಟ್ಟಿದ್ದೆ. ಓಡೋದು ಜಾಸ್ತಿ, ತಿನ್ನೋದು ಕಮ್ಮಿ ಆದರೆ ಮೂಳೆ ಸವೆತ ತುಂಬಿಕೊಳ್ಳೋದು ಹೇಗೆ? ಓಡುವವರಿಗೆ ಮುಟ್ಟು ನಿಂತರೆ, ಒಳ್ಳೇದಾಯ್ತು ಅಂತ ಸುಮ್ನೆ ಇರಬಾರದು. ಅದೂ ಮೂಳೆಗೆ ಅಪಾಯದ ಸೂಚನೆ.

ನನಗೆ ನೋವಿಗಿಂತ ಕಷ್ಟ ಆಗಿದ್ದು ಬೆಳಗಿನ ಜಾವ. ಐದಕ್ಕೆ ಎಚ್ಚರ ಆಗೇ ಆಗುತ್ತದೆ. ನಮ್ಮ ಓಟದ ಗುಂಪಿನವರ ಫೋಟೋ ಟಿಂಗ್ ಅಂತ ಬಂದು ಬೀಳುತ್ತದೆ. ಎರಡು ವಾರ ಆ ಗುಂಪನ್ನೇ ಮ್ಯೂಟ್ ಮಾಡಿದ್ದೆ. ಡಾಕ್ಟರ್ ಒಪ್ಪಿದಮೇಲೆ ಈಜುಕೊಳಕ್ಕೆ ಹೋಗಲು ಶುರು ಮಾಡಿದೆ. ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿಕೊಂಡು, ಕಾಲು ನೆಲಕ್ಕೆ ತಾಗದಷ್ಟು ಆಳದಲ್ಲಿ ನಿಂತಲ್ಲೇ ಓಡೋದು. 45 ನಿಮಿಷ ಆದರೂ ಅದೇ ಗೋಡೆ, ಅದೇ ಗಡಿಯಾರ. ಮೊದಲ ದಿನ ವಾಚ್‌ಮನ್ ಓಡಿ ಬಂದು, "ಮೇಡಂ, ಮುಳುಗ್ತಾ ಇದೀರಾ?" ಅಂತ ಕೇಳಿದ. ಬೇಜಾರಿನ ಕೆಲಸ, ಆದರೆ ದಮ್ಮು ಉಳಿಯಿತು.

ಪೌಲಾ ರ‍್ಯಾಡ್‌ಕ್ಲಿಫ್ ಗೊತ್ತಲ್ವಾ, ಬ್ರಿಟನ್ನಿನ ಮ್ಯಾರಥಾನ್ ಓಟಗಾರ್ತಿ, 2003ರಲ್ಲಿ ಲಂಡನ್‌ನಲ್ಲಿ 2 ಗಂಟೆ 15 ನಿಮಿಷ 25 ಸೆಕೆಂಡಿಗೆ ಓಡಿದವಳು. 2008ರಲ್ಲಿ ಅವಳಿಗೂ ತೊಡೆಮೂಳೆ ಹೀಗೇ ಬಿರುಕು ಬಿಟ್ಟಿತ್ತು. ಬೀಜಿಂಗ್ ಒಲಿಂಪಿಕ್ಸ್ ಬಿಡಲು ಮನಸ್ಸು ಬರದೆ ಓಡಿದಳು, 23ನೇ ಜಾಗ. ನವೆಂಬರ್‌ನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದಳು. ಸಿಟ್ಟು ಬಂದಾಗಲೆಲ್ಲ ಆ ನವೆಂಬರ್ ನೆನೆಸಿಕೊಳ್ಳುತ್ತಿದ್ದೆ.

ಆ ಸಲ ನಾನು ಓಡಲಿಲ್ಲ. ಟಿಕೆಟ್ ಹೇಗೂ ಆಗಿತ್ತು, ಮುಂಬೈಗೆ ಹೋದೆ. ಓಟದ ವಾಪಸ್ ದಾರಿಯಲ್ಲಿ ಪೆಡ್ಡರ್ ರೋಡ್ ಏರು ಇದೆಯಲ್ಲ, ಅಲ್ಲಿಗೆ ಬರುವಾಗ ಎಂಥವರಿಗೂ ಕಾಲು ಸೋತಿರುತ್ತದೆ. ಅಲ್ಲಿ ಕಿತ್ತಳೆ ಸುಲಿದು, ಉಪ್ಪು ಉದುರಿಸಿ, ಸ್ಟೀಲ್ ಡಬ್ಬಿ ಹಿಡಿದು ನಿಂತೆ. ನಮ್ಮ ಗುಂಪಿನವರು ಬಂದಾಗ ಕಿರುಚಿ ಹುರಿದುಂಬಿಸಿದೆ. ಅವರು ತಿರುವು ದಾಟಿದ ಮೇಲೆ ಕೂಲಿಂಗ್ ಗ್ಲಾಸ್ ಒಳಗೇ ಅತ್ತೆ. ಹೊಟ್ಟೆಕಿಚ್ಚು, ಇನ್ನೇನು.

ಮತ್ತೆ ಓಟ ಶುರುವಾಗಿದ್ದು ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆಯಿಂದ. ಅದೂ ದಿನ ಬಿಟ್ಟು ದಿನ, ಕೆರೆ ಏರಿ ಮೇಲೆ. ವಾಕಿಂಗ್ ಬರುವ ಅಜ್ಜಂದಿರು ನನ್ನನ್ನ ದಾಟಿಕೊಂಡು ಹೋಗುತ್ತಿದ್ದರು.

ನೀನು ಈಗಲೇ ಮುಂಬೈ ಕ್ಯಾನ್ಸಲ್ ಮಾಡಬೇಡ, ಹಾಗಂತ ಈ ಭಾನುವಾರ ಓಡಲೂ ಬೇಡ. ಡಾಕ್ಟರ್‌ಗೆ ತೋರಿಸಿ ಅವರು ಏನಂದರು ಅಂತ ಇಲ್ಲೇ ಹಾಕು. ಎಷ್ಟು ಕಿಲೋಮೀಟರ್ ಹೇಗೆ ಏರಿಸಿದೆ ಅನ್ನೋ ಲೆಕ್ಕವನ್ನೂ ಅವರಿಗೆ ಮುಚ್ಚಿಡದೆ ಹೇಳು. ತೇಲುವ ಬೆಲ್ಟ್ ದುಡ್ಡು ಕೊಟ್ಟು ತಗೋಬೇಡ, ನನ್ನದು ಇಲ್ಲೇ ಬಿದ್ದಿದೆ. ಶನಿವಾರ ಅಕ್ಕ ಬೆಂಗಳೂರಿಗೆ ಬರುವಾಗ ಚಟ್ನಿಪುಡಿ ಜೊತೆ ಕಳಿಸುತ್ತೇನೆ. ಅಕ್ಕ, ಬೈಯೋದಿದ್ದರೆ ಬಸ್ ಹತ್ತುವ ಮುಂಚೆ ಮನೆಗೆ ಬಂದು ಬೈದು ಹೋಗು.