60 ದಿನದ ಸ್ಟಾಕ್ ನಿಮ್ಮ ಶೆಡ್ಡಿನ್ಯಾಗ ಇಡ್ರಿ ಅಂತಾರ, ಸಣ್ಣ ವರ್ಕ್‌ಶಾಪಿನವ್ರು ಏನ್ ಮಾಡಬೇಕ್ರಿ?

ತಾರಿಹಾಳ ಟರ್ನಿಂಗ್:

ಎಲ್ಲಾರಿಗೂ ನಮಸ್ಕಾರ್ರಿ. ಹುಬ್ಬಳ್ಳಿ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಾಗ ನಂದೊಂದು ಸಣ್ಣ ಮಷಿನ್ ಶಾಪ್ ಐತಿ. ಕಂಪ್ಯೂಟರಿನಿಂದ ನಡಿಯೋ ಮಷಿನ್ ನಾಲ್ಕು (ಮೂರು ಸಿಎನ್‌ಸಿ, ಒಂದು ವಿಎಂಸಿ), ಎರಡು ಹಳೇ ಲೇಥ್, ಒಂಬತ್ತು ಮಂದಿ ಹುಡುಗರು. ವಾಲ್ವಿನ ಬಾಡಿ, ಬಾನೆಟ್ (ಬಾಡಿ ಮ್ಯಾಲಿನ ಮುಚ್ಚಳ), ಸೀಟ್ ರಿಂಗ್ (ವಾಲ್ವ್ ಮುಚ್ಚಿದಾಗ ಬಿಗಿ ಹಿಡಿಯೋ ಉಂಗುರ) ಮಾಡ್ತೀವಿ. ಬೆಳಗಾವಿ ಫೌಂಡ್ರಿಯಿಂದ ಕಾಸ್ಟಿಂಗ್ (ಎರಕದ ತುಂಡು) ನಾನ ತರಸ್ತೀನಿ, ಮಷಿನಿಂಗ್ ಮಾಡಿ ಊರಾಗಿನ ಒಂದು ದೊಡ್ಡ ಕಂಪನಿಗೆ ಕೊಡ್ತೀನಿ. ಅವ್ರು ಜೋಡಿಸಿ ಯುರೋಪಿಗೆ, ಗಲ್ಫಿಗೆ ಕಳಸ್ತಾರ.

ಹೋದ ತಿಂಗಳು ವೆಂಡರ್ ಮೀಟಿಂಗ್ ಕರದು ಎರಡು ಮಾತು ಹೇಳ್ಯಾರ. ಹದಿನಾಲ್ಕು ಐಟಂ ಆರಿಸಿ, ಅವನ್ನ ಪೂರಾ ಮಷಿನಿಂಗ್ ಮುಗಿಸಿ 60 ದಿನದ ಸ್ಟಾಕ್ ಯಾವಾಗ್ಲೂ ನಮ್ಮ ಶೆಡ್ಡಿನ್ಯಾಗ ಇಡಬೇಕಂತ. ಅವ್ರು ಬೇಕಾದಾಗ ಒಯ್ತಾರ, ಒಯ್ದ ಮ್ಯಾಲೆ ಬಿಲ್. ಇನ್ನೊಂದು, ಪ್ರತಿ ಪೀಸಿನ ಹೀಟ್ ನಂಬರ್ (ಯಾವ ಸಲ ಕರಗಿಸಿದ ಲೋಹ ಅನ್ನೋ ಗುರುತು) ಅವ್ರ ಪೋರ್ಟಲ್‌ಗೆ ಏರಿಸಿ ಕ್ಯೂಆರ್ ಸ್ಟಿಕರ್ ಹಚ್ಚಬೇಕು. ಆರು ತಿಂಗಳ ಟೈಮ್ ಕೊಟ್ಟಾರ.

ಅವ್ರು ಹೇಳೋ ಕಾರಣ ಖರೇನ ಐತಿ, ಅದನ್ನ ನಾನೂ ಉಂಡೀನಿ. 2022ರ ಫೆಬ್ರವರಿಯಾಗ ರಷ್ಯಾ-ಉಕ್ರೇನ್ ಯುದ್ಧ ಹತ್ತಿತು. ಮಾರ್ಚ್ 8ಕ್ಕ ಲಂಡನ್ ಮೆಟಲ್ ಎಕ್ಸ್‌ಚೇಂಜಿನ್ಯಾಗ ನಿಕ್ಕಲ್ ಟನ್ನಿಗೆ ಒಂದು ಲಕ್ಷ ಡಾಲರ್ ದಾಟಿ, ಕಡೀಕ ಅವ್ರು ವ್ಯವಹಾರನ ನಿಲ್ಲಿಸಿದ್ರು. ನಮ್ಮ ಸಿಎಫ್8ಎಂ ಅನ್ನೋ ಸ್ಟೇನ್‌ಲೆಸ್ ಸ್ಟೀಲ್ ಕಾಸ್ಟಿಂಗಿನ್ಯಾಗ 9ರಿಂದ 12 ಪರ್ಸೆಂಟ್ ನಿಕ್ಕಲ್ ಇರ್ತೈತಿ. ನಾನು ಜನವರಿ ರೇಟಿಗೆ ಪಿಒ (ಖರೀದಿ ಆರ್ಡರ್) ಒಪ್ಪಿದ್ದೆ. ಫೌಂಡ್ರಿಯವ್ರು ಹೊಸಾ ರೇಟ್ ಹಿಡದ್ರು, ಕಂಪನಿಯವ್ರು ಹಳೇ ರೇಟ್ ಬಿಡಲಿಲ್ಲ. ಆ ಒಂದು ಆರ್ಡರಿನ್ಯಾಗ ಮೂರು ಲಕ್ಷದ ಮ್ಯಾಲೆ ಕೈಬಿಟ್ಟು ಹೋತು. 2023ರ ನವೆಂಬರಿನಿಂದ ಕೆಂಪು ಸಮುದ್ರದಾಗ ಹಡಗಿನ ಮ್ಯಾಲೆ ದಾಳಿ ಶುರುವಾದ್ವು, ಸುಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋಗಬೇಕಂದ್ರ ಹತ್ತು-ಹದಿನಾಲ್ಕು ದಿನ ಹೆಚ್ಚು. ಮಾಲು ತಡಾ ಮುಟ್ಟಿತು, ಅವ್ರಿಗೆ ರೊಕ್ಕ ತಡಾ ಬಂತು, ನಮಗ ಇನ್ನೂ ತಡಾ. 2025ರ ಫೆಬ್ರವರಿಯಾಗ ಚೀನಾದವ್ರು ಟಂಗ್‌ಸ್ಟನ್ ರಫ್ತಿಗೆ ಲೈಸೆನ್ಸ್ ಹಚ್ಚಿದ್ರು. ನಾವು ದಿನಾ ಬಳಸೋ ಕಾರ್ಬೈಡ್ ಇನ್ಸರ್ಟ್ (ಲೋಹ ಕತ್ತರಿಸೋ ತುದಿ) ಟಂಗ್‌ಸ್ಟನ್ನಿಂದನ ಆಗೋದು. ಆ ವರ್ಷ ಇನ್ಸರ್ಟ್ ಡಬ್ಬಿ ರೇಟ್ ನನಗ ಮೂರು ಸಲ ಏರಿತು.

ಹಂಗಾಗಿ ಸ್ಟಾಕ್ ಬೇಕು ಅನ್ನೋದ್ರಾಗ ನಂದೇನೂ ತಕರಾರಿಲ್ಲ. ಆದ್ರ ಲೆಕ್ಕಾ ಹಾಕಿದ್ರ ಹದಿನಾಲ್ಕು ಐಟಂನ 60 ದಿನದ ಮಾಲಿಗೆ 38 ಲಕ್ಷ ಬೇಕು. ಬ್ಯಾಂಕಿನ್ಯಾಗ ನನ್ನ ಓಡಿ (ಓವರ್‌ಡ್ರಾಫ್ಟ್) ಲಿಮಿಟ್ 25 ಲಕ್ಷ. ಹತ್ತೂವರೆ ಪರ್ಸೆಂಟ್ ಬಡ್ಡಿ ಹಿಡದ್ರ ತಿಂಗಳಿಗೆ 33 ಸಾವಿರ ಸುಮ್ನ ಮಾಲು ಕುಂಡ್ರಿಸಿದ್ದಕ್ಕ ಹೋಗ್ತೈತಿ, ಅದು ನನ್ನ ಇಬ್ಬರು ಆಪರೇಟರ್ ಪಗಾರ. ಸಮುದ್ರದಾಗಿನ ಗಂಡಾಂತರಕ್ಕ ತಾರಿಹಾಳದ ಶೆಡ್ಡಿನವ್ನು ಬಡ್ಡಿ ಕಟ್ಟಬೇಕೇನ್ರಿ ಅನ್ನೋದು ನನ್ನ ಸಂಕಟ.

ಪೋರ್ಟಲ್ ಬಗ್ಗೆ ನನ್ನ ಮನಸ್ಸು ಬ್ಯಾರೆ ಐತಿ. ಎರಡು ವರ್ಷದ ಹಿಂದ ಒಂದು ಲಾಟಿನ್ಯಾಗ 42 ಬಾನೆಟ್ ವಾಪಸ್ ಬಂದ್ವು. ಕಾಸ್ಟಿಂಗ್ ಮ್ಯಾಲೆ ಫೌಂಡ್ರಿಯವ್ರ ಹೀಟ್ ನಂಬರ್ ಉಬ್ಬಿ ಇರ್ತೈತಿ. ಆ ಡ್ರಾಯಿಂಗಿನ್ಯಾಗ ಅದ ಜಾಗಾ ಫೇಸಿಂಗ್ ಆಗ್ತೈತಿ, ಅಂದ್ರ ಮುಖ ಕೆತ್ತಿ ಸಪಾಟ ಮಾಡ್ತೀವಿ. ಫೇಸಿಂಗ್ ಹೊಡಿಯೋಕಿಂತ ಮೊದಲ ಆ ನಂಬರ್ ಬಗಲಿಗೆ ಪಂಚ್ ಮಾಡಿ ಇಳಿಸಬೇಕು. ರಾತ್ರಿ ಪಾಳೇದ ಹುಡುಗ ಮರತ. ಮುಂಜಾನೆ ಬಂದು ನೋಡಿದ್ರ ಟೇಬಲ್ ಮ್ಯಾಲೆ 42 ಪೀಸ್, ಮುಖ ಕನ್ನಡಿ ಹಂಗ ಹೊಳೀತಿದ್ವು, ಒಂದರ ಮ್ಯಾಲೂ ನಂಬರ್ ಇಲ್ಲ. ಡೈಮೆನ್ಷನ್ ಎಲ್ಲಾ ಸರಿ. ಮಟೀರಿಯಲ್ ಸರಿ. ಆದ್ರೂ ಯಾವ ಸರ್ಟಿಫಿಕೇಟಿಗೆ ಯಾವ ಪೀಸ್ ಅಂತ ಹೇಳಾಕ ಬರಲಿಲ್ಲ. ಪೂರಾ ಲಾಟ್ ಸ್ಕ್ರ್ಯಾಪ್ ರೇಟಿಗೆ ಹೋತು. ಆ ಹುಡುಗ ಎರಡು ದಿನ ಊಟ ಬಿಟ್ಟಿದ್ದ.

ಬಲ್ಲವ್ರು ಹೇಳ್ರಿ: ಸ್ಟಾಕ್ ಯಾವ ರೂಪದಾಗ ಇಟ್ರ ಜೀವ ಉಳೀತೈತಿ? ಕಂಪನಿಯವ್ರ ಮುಂದ ಏನು ಕೇಳಬಹುದು? ಸಂಬಂಧ ಕೆಡಿಸಿಕೊಳ್ಳೋ ಇಚ್ಛಾ ನನಗಿಲ್ಲ, ಹದಿನಾರು ವರ್ಷದ ಗಿರಾಕಿ.

ಖರೀದಿ ವಿಭಾಗ ನಿವೃತ್ತ, ಧಾರವಾಡ:

ನಾನು ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ 27 ವರ್ಷ ಖರೀದಿ ನೋಡಿಕೊಂಡವನು. ಅಂದರೆ ಮೇಜಿನ ಆ ಬದಿಗೆ ಕೂತು ನಿಮ್ಮಂಥವರಿಗೆ ಇದೇ ಮಾತು ಹೇಳಿದವನು. ನಮ್ಮ ಕಾಲದಲ್ಲಿ ಗೋದಾಮಿನಲ್ಲಿ ಮಾಲು ಕಂಡರೆ ಮೇಲಿನವರು ಬೈಯುತ್ತಿದ್ದರು. ಬೆಳಿಗ್ಗೆ ಬಂದದ್ದು ಸಂಜೆ ವಾಹನಕ್ಕೆ ಕೂರಬೇಕು. 2020ರ ಲಾಕ್‌ಡೌನು, 2021ರ ಚಿಪ್ ಅಭಾವ ಬಂದಮೇಲೆ ಅದೇ ಮೇಲಿನವರು ಸ್ಟಾಕ್ ಎಲ್ಲಿದೆ ಎಂದು ಕೇಳತೊಡಗಿದರು. ಆದರೆ ತಮ್ಮ ಬ್ಯಾಲೆನ್ಸ್ ಶೀಟಿನಲ್ಲಿ ಅದು ಕಾಣಬಾರದು. ಹಾಗಾಗಿ ಅದು ನಿಮ್ಮ ಶೆಡ್ಡಿಗೆ ಬಂದಿದೆ. ಇದನ್ನು ನಾನು ಮಾಡಿಸಿದ್ದೇನೆ, ಅದಕ್ಕೆ ಬೇಸರವೂ ಇದೆ.

ಪೂರ್ತಿ ಮುಗಿಸಿದ ಪೀಸ್ ಇಡಲು ಒಪ್ಪಬೇಡಿ. ಡ್ರಾಯಿಂಗ್ ರಿವಿಷನ್ ಒಂದು ಬದಲಾದರೆ ಅದು ಗುಜರಿ. ಬಾಡಿ, ಬಾನೆಟ್ ಎರಡನ್ನೂ ರಫ್ ಮಷಿನಿಂಗಿಗೆ, ಅಂದರೆ ಅಂತಿಮ ಅಳತೆಗೆ ತರುವ ಮೊದಲಿನ ಒರಟು ಕೆತ್ತನೆಗೆ, ನಿಲ್ಲಿಸಿ. ಫ್ಲ್ಯಾಂಜ್ (ಪೈಪಿಗೆ ಬೋಲ್ಟ್ ಹಾಕಿ ಜೋಡಿಸುವ ಅಂಚು) ಮುಖದ ಫಿನಿಶ್, ಸೀಟ್ ಬೋರ್, ಡ್ರಿಲ್ಲಿಂಗ್ ಇವೆಲ್ಲ ಆರ್ಡರ್ ಕೈಗೆ ಬಂದಮೇಲೆ. ಒಂದೇ ರಫ್ ಬಾಡಿ ಎರಡು ಮೂರು ಐಟಂಗೆ ಹೊಂದುತ್ತದೆ, ಹದಿನಾಲ್ಕು ಐಟಂ ಎಂಬುದು ಐದಾರು ರಫ್ ಐಟಂಗೆ ಇಳಿದೀತು. ಅವರಿಗೆ ಬೇಕಾಗಿರುವುದು ವೇಗ. ರಫ್ ಆದದ್ದನ್ನು ಮುಗಿಸಲು ನಿಮಗೆ ಎಷ್ಟು ದಿನ ಬೇಕು? ನಾಲ್ಕೇ ದಿನ ಎಂದು ಬರೆದುಕೊಟ್ಟರೆ ಖರೀದಿಯವನು ಒಪ್ಪುತ್ತಾನೆ, ನಾನಾಗಿದ್ದರೆ ಒಪ್ಪುತ್ತಿದ್ದೆ.

ಇನ್ನೊಂದು ಪತ್ರ ಕೇಳಿ: 90 ದಿನದೊಳಗೆ ಒಯ್ಯದಿದ್ದರೆ ಆ ಮಾಲನ್ನು ಅವರೇ ಕೊಳ್ಳಬೇಕು. ಮತ್ತು ನಿಕ್ಕಲ್, ಮಾಲಿಬ್ಡಿನಂ ದರಕ್ಕೆ ಕಾಸ್ಟಿಂಗ್ ದರ ತಿಂಗಳಿಗೊಮ್ಮೆ ಹೊಂದಿಕೊಳ್ಳುವ ಒಂದು ಕಲಂ ಪಿಒದಲ್ಲಿ ಇರಲಿ. ದೊಡ್ಡವರು ತಮ್ಮ ವಿದೇಶಿ ಗಿರಾಕಿಯಿಂದ ಇದನ್ನು ಪಡೆದಿರುತ್ತಾರೆ. ಕೇಳದವನಿಗೆ ಕೊಡುವುದಿಲ್ಲ, ಅಷ್ಟೆ.

ಬ್ಯಾಡಗಿ ದಲಾಲಿ:

ಅಣ್ಣಾರ, ನಂದು ಮೆಣಸಿನಕಾಯಿ ವ್ಯಾಪಾರ, ನಿಮ್ಮ ಮಷಿನ್ ನನಗ ತಿಳಿಯಂಗಿಲ್ಲ. ಆದ್ರ ಮಾಲು ಇಟ್ಟು ಕಾಯೋ ಸಂಕಟ ನಮ್ಮ ಮನಿತನದ ಕಸುಬು. ಸುಗ್ಗಿಯಾಗ ಸೋಮವಾರ, ಗುರುವಾರ ಮಾರ್ಕೆಟಿಗೆ ಲಕ್ಷಗಟ್ಟಲೆ ಚೀಲ ಬರ್ತಾವು. ಬಣ್ಣಾ ತಗಿಯೋ ಕಂಪನಿಯವ್ರಿಗೆ ವರ್ಷಪೂರ್ತಿ ಕಾಯಿ ಬೇಕು. ಹೊರಗ ಇಟ್ರ ಮಳಿಗಾಲ ಮುಗಿಯೋದ್ರಾಗ ಬಣ್ಣಾ ಇಳೀತೈತಿ, ಹಂಗಾಗಿ ಕೋಲ್ಡ್ ಸ್ಟೋರೇಜ್.

ನನ್ನ ಒಬ್ಬ ಕೇರಳದ ಗಿರಾಕಿ ಮೊದಲ ನಿಮ್ಮವ್ರ ಹಂಗನ ಹೇಳ್ತಿದ್ರು: ನೀವ ಇಡ್ರಿ, ಬೇಕಾದಾಗ ಒಯ್ತೀವಿ. ಒಂದು ವರ್ಷ ಇಟ್ಟೆ. ದರ ಬಿತ್ತು, ಅವ್ರು ಬರಲಿಲ್ಲ, ಸ್ಟೋರೇಜ್ ಬಾಡಿಗಿ ನನ್ನ ತಲಿ ಮ್ಯಾಲೆ ಬಂತು. ಮುಂದಿನ ವರ್ಷ ನಾನು ಖಡಾಖಡಿ ಹೇಳಿದೆ, ನಿಮ್ಮ ಹೆಸರಿಲೆ ಇಡೋ ಚೀಲಕ್ಕ ಅರ್ಧಾ ರೊಕ್ಕ ಮೊದಲ, ಬಾಡಿಗಿ ನಿಮ್ಮದು, ಇಲ್ಲಂದ್ರ ಬ್ಯಾರೆಯವ್ರಿಗೆ ಮಾರ್ತೀನಿ. ಒಪ್ಪಿದ್ರು. ಈಗ ಪ್ರತಿ ಲಾಟಿಗೆ ಬಣ್ಣದ ಲ್ಯಾಬ್ ರಿಪೋರ್ಟ್, ಚೀಲದ ಮ್ಯಾಲೆ ಲಾಟ್ ನಂಬರ್. ಮೊದಲ ಕೈಯಾಗ ಹಿಡದು ಮುರದು ನೋಡಿ ದರ ಹೇಳ್ತಿದ್ವಿ. ಆ ಕಾಗದ ಬಂದ ಮ್ಯಾಲೆ ಒಳ್ಳೇ ಕಾಯಿಗೆ ಒಳ್ಳೇ ದರ ಕೇಳಾಕ ನನಗ ಧೈರ್ಯ ಬಂತು. ನೀವೂ ಬಾಡಿಗಿ ಕೇಳ್ರಿ.

ಎಕ್ಸ್‌ಪೋರ್ಟ್ ಕಾಗದಪತ್ರ, ಗೋಕುಲ ರೋಡ್:

ಸರ್, ನಾನು ರಫ್ತು ದಾಖಲೆಗಳ ಕೆಲಸ ಮಾಡುವವಳು. ಮೇಲೆ ಯಾರೂ ಹೇಳದ ಒಂದು ಅಪಾಯ ಇದೆ, ಅದನ್ನು ಮೊದಲು ಹೇಳುತ್ತೇನೆ.

ಸಣ್ಣ ಉದ್ಯಮಗಳಿಗಾಗಿ ಇರುವ ಎಂಎಸ್‌ಎಂಇಡಿ ಕಾಯ್ದೆ 2006ರ ಪ್ರಕಾರ ಬರಹದ ಒಪ್ಪಂದ ಇದ್ದರೂ ನಿಮಗೆ 45 ದಿನದೊಳಗೆ ಹಣ ಬರಬೇಕು. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯ 43ಬಿ(ಎಚ್) ಕಲಂ ಇದಕ್ಕೆ ಹಲ್ಲು ಕೊಟ್ಟಿತು: ಹೊತ್ತಿಗೆ ಸರಿಯಾಗಿ ಕೊಡದಿದ್ದರೆ, ಹಣ ಕೊಡುವ ವರ್ಷದವರೆಗೂ ಕಂಪನಿಗೆ ಆ ಖರ್ಚಿನ ತೆರಿಗೆ ವಿನಾಯಿತಿ ಇಲ್ಲ. ಆದರೆ ಈ 45 ದಿನ ಎಣಿಸುವುದು ಅವರು ಮಾಲು ಸ್ವೀಕರಿಸಿದ ದಿನದಿಂದ. ಮಾಲು ನಿಮ್ಮ ಶೆಡ್ಡಿನಲ್ಲೇ ಇದ್ದರೆ ಗಡಿಯಾರ ಶುರುವಾಗುವುದೇ ಇಲ್ಲ! 60 ದಿನ ಇಟ್ಟು, ಒಯ್ದಮೇಲೆ 45 ದಿನ ಅಂದರೆ 105 ದಿನ. ಇದನ್ನು ತೂಗಿ ನೋಡದೆ ಸಹಿ ಹಾಕಬೇಡಿ.

ಕಂಪನಿಯ ವಹಿವಾಟು 250 ಕೋಟಿ ದಾಟಿದ್ದರೆ ಅವರು ಬಿಲ್ಲಿನ ಮೇಲೆ ಮುಂಚೆಯೇ ಹಣ ಕೊಡಿಸುವ ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆಯಲ್ಲಿ ನೋಂದಾಯಿಸಿರಲೇಬೇಕು, 2025ರ ಮಾರ್ಚ್ 31 ಕೊನೆಯ ದಿನವಾಗಿತ್ತು. ನಿಮ್ಮ ಬಿಲ್ಲನ್ನು ಅವರು ಅಲ್ಲಿ ಒಪ್ಪಿದರೆ ಬ್ಯಾಂಕುಗಳು ಹರಾಜಿನಲ್ಲಿ ಬಡ್ಡಿ ಹೇಳುತ್ತವೆ, ಹಣ ಕೆಲವೇ ದಿನದಲ್ಲಿ ಬರುತ್ತದೆ. ಕಂಪನಿ ಕಟ್ಟದಿದ್ದರೂ ಬ್ಯಾಂಕು ನಿಮ್ಮ ಬಾಗಿಲಿಗೆ ಬರುವ ಹಾಗಿಲ್ಲ. ನಿಮ್ಮ ಓಡಿ ಲಿಮಿಟ್ಟೂ ಉಳಿಯುತ್ತದೆ.

ಪೋರ್ಟಲ್ ವಿಷಯ. ನಿಮ್ಮ 42 ಬಾನೆಟ್ ಓದಿ ಹೊಟ್ಟೆ ಉರಿಯಿತು. ಎಕ್ಸ್-ರೇ ಗನ್ ಹಿಡಿದು ಪಿಎಂಐ (ಲೋಹದಲ್ಲಿ ಏನೇನಿದೆ ಎಂಬ ಪರೀಕ್ಷೆ) ಮಾಡಿಸಿದ್ದರೆ ಉಳಿಯುತ್ತಿತ್ತೇ ಎಂದು ನೀವು ಅಂದುಕೊಂಡಿರಬಹುದು. ಉಳಿಯುತ್ತಿರಲಿಲ್ಲ. ಆ ಎಕ್ಸ್-ರೇ ಗನ್ನು ಕ್ರೋಮಿಯಂ, ನಿಕ್ಕಲ್, ಮಾಲಿಬ್ಡಿನಂ ತೋರಿಸುತ್ತದೆ, ಸಿಎಫ್8 ಯಾವುದು ಸಿಎಫ್8ಎಂ ಯಾವುದು ಹೇಳುತ್ತದೆ. ಆದರೆ ಕಾರ್ಬನ್ ಅದರ ಕಣ್ಣಿಗೆ ಬೀಳುವುದಿಲ್ಲ. ಸಿಎಫ್3ಎಂ ಮತ್ತು ಸಿಎಫ್8ಎಂ ನಡುವೆ ಇರುವ ಮುಖ್ಯ ವ್ಯತ್ಯಾಸವೇ ಕಾರ್ಬನ್, ಗರಿಷ್ಠ ಶೇಕಡಾ 0.03 ಮತ್ತು 0.08. ಆದ್ದರಿಂದ ಹೀಟ್ ನಂಬರ್ ಮತ್ತು ಫೌಂಡ್ರಿಯ 3.1 ಸರ್ಟಿಫಿಕೇಟ್ (ಆ ಲೋಹದ ಪರೀಕ್ಷಾ ವರದಿ) ಬಿಟ್ಟರೆ ಪೀಸಿಗೆ ಹುಟ್ಟು ಗುರುತಿಲ್ಲ. ಪೋರ್ಟಲ್ ಬೇಡ ಅನ್ನಬೇಡಿ. ಯುರೋಪಿನ ಕಾರ್ಬನ್ ಗಡಿ ತೆರಿಗೆ 2026ರ ಜನವರಿಯಿಂದ ಪೂರ್ಣ ಜಾರಿಗೆ ಬಂದಿದೆ. ಕಸ್ಟಮ್ಸ್ ಕೋಡ್ 8481ರ ವಾಲ್ವ್ ಅದರ ಮೂಲ ಪಟ್ಟಿಯಲ್ಲಿ ಇಲ್ಲ, ಆದರೆ 7307ರ ಪೈಪ್ ಫಿಟ್ಟಿಂಗ್, ಫ್ಲ್ಯಾಂಜ್ ಇವೆ. ನಾಳೆ ನೀವು ಫ್ಲ್ಯಾಂಜ್ ಕೆಲಸ ಹಿಡಿದರೆ ಯಾವ ಹೀಟಿನ ಉಕ್ಕು ಎಂದು ಕೇಳಿಯೇ ಕೇಳುತ್ತಾರೆ.

ತಾರಿಹಾಳ ಟರ್ನಿಂಗ್:

ನಿಮ್ಮೆಲ್ಲಾರ ಮಾತು ಎರಡು ಸಲ ಓದಿ, ರಾತ್ರಿ ಮನಿಯವ್ರ ಜೋಡಿ ಕುಂತು ಲೆಕ್ಕಾ ಹಾಕೀನಿ. ಅಕ್ಕಾರ, 105 ದಿನದ ಮಾತು ನನ್ನ ತಲಿಗೇ ಹೊಳದಿರಲಿಲ್ಲ. ಸಹಿ ಮಾಡಾಕ ಪೆನ್ನು ತಗದಿದ್ದೆ.

ಬ್ಯಾಡಗಿ ಅಣ್ಣಾರ, ನಿಮ್ಮ ಮಾತಿನ್ಯಾಗ ಒಂದು ಫರಕ್ ಐತ್ರಿ. ನಿಮ್ಮ ಕಾಯಿ ಅವ್ರು ಒಲ್ಲೆ ಅಂದ್ರ ಮತ್ತೊಬ್ಬರು ತಗೋತಾರ. ನನ್ನ ಬಾಡಿ ಅವ್ರ ಪ್ಯಾಟರ್ನ್, ಅವ್ರ ಡ್ರಾಯಿಂಗ್, ಜಗತ್ತಿನ್ಯಾಗ ಒಬ್ಬರ ಗಿರಾಕಿ. ಇದನ್ನ ವಿಚಾರ ಮಾಡಿದಾಗ ಒಂದು ದಾರಿ ಕಂಡೈತಿ. ಸೀಟ್ ರಿಂಗ್ ನಾವು 316 ಸ್ಟೇನ್‌ಲೆಸ್ ರೌಂಡ್ ಬಾರಿನಿಂದ ಮಾಡ್ತೀವಿ, ಬಾರ್ ಯಾರಿಗಾದ್ರೂ ನಡೀತೈತಿ. ಹಂಗಾಗಿ ಬಾರ್ 60 ದಿನದ್ದು ನಾನ ಸಂತೋಷದಿಂದ ಇಡ್ತೀನಿ, ಅವ್ರಿಂದ ಏನೂ ಕೇಳಂಗಿಲ್ಲ. ಬಾಡಿ, ಬಾನೆಟ್ ರಫ್ ಮಾಡಿ 30 ದಿನದ್ದು, ಅದೂ 90 ದಿನದ ಖರೀದಿ ಪತ್ರ ಕೈಗೆ ಬಂದ್ರ. ರಫ್ ಐಟಂ ಎಣಿಸಿದ್ರ ಆರ ಆದ್ವು, ಹಿರಿಯರು ಹೇಳಿದಂಗನ. ರೊಕ್ಕ 38 ಲಕ್ಷದಿಂದ 15 ಲಕ್ಷಕ್ಕ ಇಳೀತು. ಮುಗಿಸಿ ಕೊಡಾಕ ಐದು ದಿನ ಅಂತ ಬರಿತೀನಿ, ನಾಲ್ಕು ಅಂದ್ರ ಕರೆಂಟ್ ಹೋದ ದಿನ ಮಾತು ತಪ್ಪಬೇಕಾಗ್ತೈತಿ.

ಪೋರ್ಟಲ್ ಒಪ್ಪೀನಿ. ಇವತ್ತ ಒಂದು ಕೆಲಸ ಶುರು ಮಾಡೀವಿ: ಕಾಸ್ಟಿಂಗ್ ಟೆಂಪೋದಿಂದ ಇಳಿದ ಕೂಡ್ಲೆ, ಇನ್ನೂ ಮಷಿನ್ ಮುಟ್ಟೋಕಿಂತ ಮೊದಲ, ಬಗಲಿಗೆ ನಂಬರ್ ಪಂಚ್ ಮಾಡಿ ಫೋನಿನ್ಯಾಗ ಫೋಟೊ ತಗದು ಆಮ್ಯಾಲೆ ಒಳಗ. ಪಂಚ್ ಸೆಟ್ ಯಾರ ಕೈಯಾಗ ಕೊಡಬೇಕು ಅಂದಾಗ ಆ ರಾತ್ರಿ ಪಾಳೇದ ಹುಡುಗ ತಾನ ಮುಂದ ಬಂದ. ಮುಂಜಾನಿಂದ 60 ಪೀಸ್ ಹೊಡದಾನ, ಒಂದೊಂದು ಅಂಕಿ ಹೊಡದು ಬೆರಳಾಡಿಸಿ ನೋಡ್ತಾನ.

ಸೋಮವಾರ ಹನ್ನೊಂದಕ್ಕ ಖರೀದಿಯವ್ರು ಟೈಮ್ ಕೊಟ್ಟಾರ. ನಿಕ್ಕಲ್ ಕಲಂ ಹೆಂಗ ಬರೀಬೇಕು, ಒಂದು ನಮೂನಿ ಇದ್ರ ಹಿರಿಯರು ದಯಮಾಡಿ ಇಲ್ಲೇ ಹಾಕ್ರಿ.

ಖರೀದಿ ವಿಭಾಗ ನಿವೃತ್ತ, ಧಾರವಾಡ:

ಹಳೆಯ ಫೈಲಿನಲ್ಲಿ ಇದೆ. ಮೂಲ ದರ ಯಾವ ತಿಂಗಳದ್ದು, ಎಷ್ಟು ಶೇಕಡಾ ಏರಿಳಿತಕ್ಕೆ ಬದಲಾವಣೆ, ಯಾವ ದಿನದ ದರ ಹಿಡಿಯಬೇಕು, ಈ ಮೂರು ಖಾಲಿ ಬಿಟ್ಟು ಕನ್ನಡದಲ್ಲೇ ಬರೆದು ಭಾನುವಾರ ಸಂಜೆಯೊಳಗೆ ಹಾಕುತ್ತೇನೆ. ಇಳಿದಾಗ ನೀವೂ ಇಳಿಸುತ್ತೀರಿ ಎಂಬ ಸಾಲು ಅದರಲ್ಲಿ ಇರುತ್ತದೆ, ಅದನ್ನು ತೆಗೆಯಬೇಡಿ. ಖರೀದಿಯವನು ಮೊದಲು ಓದುವುದು ಅದನ್ನೇ.