ದೊಡ್ಡಪ್ಪನ ಮೆಸೇಜ್‌ಗೆ ಉತ್ತರ: ನಮ್ ದೊಡ್ಡ ಬೀದಿಗೆ ಬರೀ ಟಾರ್ ಹಾಕಿದ್ರೆ ಸಾಲ್ದು

ದೊಡ್ಡಪ್ಪ ನಮಸ್ಕಾರ, ಗ್ರೂಪಲ್ಲಿರೋ ಎಲ್ರಿಗೂ ನಮಸ್ಕಾರ. ವಾಯ್ಸೇ ಕಳ್ಸೋಣ ಅಂತಿದ್ದೆ, ಪಕ್ಕದಲ್ಲಿ ಮಗು ಮಲ್ಗಿದೆ, ಅದಕ್ಕೆ ಮಾತಾಡ್ದಂಗೇ ಟೈಪ್ ಮಾಡ್ತಿದೀನಿ, ಉದ್ದ ಆಗುತ್ತೆ, ಆದ್ರೂ ದಯವಿಟ್ಟು ಪೂರ್ತಿ ಓದಿ. ನಿನ್ನೆ ರಾತ್ರಿ ದೊಡ್ಡಪ್ಪ ಹಾಕಿದ್ರಲ್ಲ, ಬಸ್‌ಸ್ಟಾಪಿಂದ ಡೈರಿ ದಾಟಿ ಸ್ಕೂಲ್ ತಂಕ ನಮ್ ದೊಡ್ಡ ಬೀದಿಗೆ ಹೊಸ ಟಾರ್‌ಗೆ ದುಡ್ಡು ಬಂದಿದೆ, ಇಂಜಿನಿಯರ್ ಏನೋ ಫುಟ್‌ಪಾತು, ರೋಡ್ ಸಣ್ಣದ್ ಮಾಡೋದು ಅಂತೆಲ್ಲ ಹೇಳ್ತಾವ್ರೆ, ಯಾರೂ ಒಪ್ಪಬೇಡಿ, ಚೆನ್ನಾಗಿ ಟಾರ್ ಹಾಕಿ ಎರಡ್ ಹಂಪ್ಸ್ ಹಾಕಿದ್ರೆ ಸಾಕು ಅಂತ. ಅದಕ್ಕೆ ಇಪ್ಪತ್ತು ಜನ ಥಂಬ್ಸ್ ಅಪ್ ಹಾಕಿದೀರ. ನಾನ್ ಹಾಕ್ಲಿಲ್ಲ. ಯಾಕೆ ಅಂತ ಹೇಳ್ತೀನಿ.

ದೊಡ್ಡಪ್ಪ, ನಿಮ್ಗೆ ಎದುರಾಡ್ತಿದೀನಿ ಅಂದ್ಕೋಬೇಡಿ. ಆ ಬೀದೀಲೇ ನೀವು ನನಗೆ ಸೈಕಲ್ ಕಲ್ಸಿದ್ದು, ಹಿಂದೆ ಸೀಟ್ ಹಿಡ್ಕೊಂಡು ಅರಳಿಕಟ್ಟೆ ತಂಕ ಓಡಿ ಬರ್ತಿದ್ರಿ, ಆವಾಗ ಒಂದ್ ಗಂಟೆಗೆ ಒಂದ್ ಬಸ್ಸು ನಾಲ್ಕ್ ಗಾಡಿ ಬಂದ್ರೆ ಹೆಚ್ಚು. ಈಗ ನಮ್ಮಲ್ಲಿ ಯಾರಾದ್ರೂ ಮಕ್ಕಳಿಗೆ ಅಲ್ಲಿ ಸೈಕಲ್ ಕಲಿಸ್ತೀವಾ ಹೇಳಿ. ಡಿಪ್ಲೊಮಾ ಮುಗ್ಸಿ ಒಂಬತ್ತು ವರ್ಷದಿಂದ ನಾನು ಇರೋದೇ ರೋಡ್ ಕೆಲಸದ ಸೈಟಲ್ಲಿ, ಬೇರೆಯವ್ರ ಊರ ರೋಡ್‌ಗೆಲ್ಲ ಲೆವೆಲ್ ಹಿಡಿದು ಬಂದು ನಮ್ಮೂರಿನ್ ವಿಷ್ಯ ಬಂದಾಗ ಬಾಯ್ ಮುಚ್ಕೊಂಡ್ ಇರೋಕೆ ನನ್ ಕೈಲಿ ಆಗಲ್ಲ.

ಮೊದ್ಲು ಅಜ್ಜಿ ಮನೆ ಮೆಟ್ಲು ನೆನಪು ಮಾಡ್ಕೊಳ್ಳಿ. ಜಗಲಿಗೆ ಮೂರು ಕಲ್ಲಿನ ಮೆಟ್ಲಿದ್ವು, ತೀರಾ ಕೆಳಗಿನ ಮೆಟ್ಲಲ್ಲಿ ಆಡುಹುಲಿ ಆಟದ ಗೆರೆ ಕೊರ್ದಿತ್ತು, ನಾನೂ ಅಣ್ಣನೂ ಹುಣಸೆಬೀಜ ಇಟ್ಕೊಂಡು ಆಡ್ತಿದ್ವಿ. ಹಬ್ಬಕ್ಕೆ ಬಂದಾಗ ನೋಡ್ದೆ, ಒಂದೇ ಮೆಟ್ಲು ಉಳ್ಕೊಂಡಿದೆ. ಮಿಕ್ಕಿದ್ ಎರಡು ಎಲ್ಲೂ ಹೋಗಿಲ್ಲ, ಅಲ್ಲೇ ಟಾರ್ ಅಡೀಲಿವೆ. ಟೇಪ್ ಹಿಡಿದು ಲೆಕ್ಕ ಹಾಕಿದ್ರೆ ಹತ್ರ ಹತ್ರ ಒಂದ್ ಅಡಿ ರೋಡ್ ಮೇಲೆದ್ದಿದೆ. ಪ್ರತಿ ಸಲ ಏನ್ ಮಾಡಿದ್ದಾರೆ ಅಂದ್ರೆ ಹಳೇ ಟಾರ್ ಕೆರೀದೆ ಅದ್ರ ಮೇಲೇ ಜಲ್ಲಿ, ಅದ್ರ ಮೇಲೆ ಟಾರು, ನಾವೂ ಖುಷಿಯಾಗಿ ಫೋಟೋ ತೆಗೆದು ಇದೇ ಗ್ರೂಪಿಗೆ ಹಾಕಿದೀವಿ. ರೋಡ್ ಮೇಲೆ ಮೇಲೆ ಹೋಯ್ತು, ಮನೆಗಳು ಹಳ್ಳಕ್ಕೆ ಇಳಿದ್ವು, ಈಗ ಮಳೆ ಬಂದ್ರೆ ಬೀದಿ ನೀರೆಲ್ಲ ಹೊಸ್ಲು ದಾಟಿ ನಡುಮನೆಗೆ ಬರುತ್ತೆ, ಅಜ್ಜಿ ರಾತ್ರಿಯೆಲ್ಲ ಗೋಣಿಚೀಲ ಇಟ್ಕೊಂಡು ಕಾಯೋ ಹಂಗಾಗಿದೆ. ತೇರಿನ ದಿನ ಏನಾಯ್ತು ಅಂತ ಎಲ್ರಿಗೂ ಗೊತ್ತು, ಕಳಸಕ್ಕೆ ಕೇಬಲ್ ವೈರ್ ತಗಲ್ತು, ಹುಡುಗ್ರು ಬಿದಿರ ಗಳ ಹಿಡಿದು ಎತ್ತಿದ್ಮೇಲೇ ತೇರು ಮುಂದಕ್ಕೆ ಹೋಗಿದ್ದು. ವೈರ್ ಇಳಿಬಿದ್ದಿದೆ ಅಂತ ಎಲ್ರೂ ಬೈದ್ರು. ವೈರ್ ಇದ್ದಲ್ಲೇ ಇದೆ ದೊಡ್ಡಪ್ಪ, ತೇರು ನಿಂತಿರೋ ನೆಲ ಮೇಲಕ್ಕೆ ಹೋಗಿದೆ.

ಅದಕ್ಕೇ ಮೊದ್ಲು ಹಳೇದನ್ನ ಕೆರೆದು ತೆಗೀಬೇಕು. ಮಿಲ್ಲಿಂಗ್ ಮಷೀನ್ ಅಂತ ಬರುತ್ತೆ, ಹಳೇ ಪದರ ಕೆರೆದು ಲಾರಿಗೇ ತುಂಬುತ್ತೆ. ಮಿಲ್ಲಿಂಗ್ ಎಸ್ಟಿಮೇಟಲ್ಲಿ ಇದ್ಯಾ ಅಂತ ಕೇಳ್ಬೇಕು, ಇಲ್ಲ ಅಂದ್ರೆ ಸೇರಿಸಿ ಅನ್ಬೇಕು. ಆಮೇಲೆ ನಲ್ಲಿ ಪೈಪಿಗೆ ಅಗೆದ್ರಲ್ಲ ಬೀದಿ ಉದ್ದಕ್ಕೂ, ಆ ಕಾಲುವೆ ಮಣ್ಣನ್ನ ಪದರ ಪದರವಾಗಿ ನೀರ್ ಹಾಕಿ ದಮ್ಮಸ್ ಮಾಡ್ದೆ ಹಂಗೇ ಎಳೆದು ಮುಚ್ಚಿದ್ದಾರೆ, ಅದು ಕುಸೀತಾನೇ ಇದೆ, ಅದನ್ನ ಸರಿ ಮಾಡ್ದೆ ಮೇಲೆ ಎಂಥ ಟಾರ್ ಹಾಕಿದ್ರೂ ಒಂದೇ ಮಳೆಗಾಲಕ್ಕೆ ಗೆರೆ ಬೀಳುತ್ತೆ. ಟಾರ್‌ಗೆ ದೊಡ್ಡ ಶತ್ರು ನೀರು, ಲಾರಿಗಿಂತ ಹೆಚ್ಚು. ರೋಡ್ ಮಧ್ಯ ಸ್ವಲ್ಪ ಎತ್ತರ ಇದ್ದು ಎರಡೂ ಕಡೆ ನೀರ್ ಹರೀಬೇಕು, ನಮ್ ಅಗಲಕ್ಕೆ ಅಂಚಿಗಿಂತ ನಡುವೆ ಸುಮಾರು 7 ಸೆಂಟಿಮೀಟರ್ ಎತ್ತರ ಸಾಕು, ಆದ್ರೆ ಹರಿದ ನೀರಿಗೆ ಮೋರಿ ಬೇಕಲ್ಲ, ನಮ್ಮಲ್ಲಿ ಮೋರಿ ಅರ್ಧ ಹೂತ್ಹೋಗಿದೆ, ಇನ್ನರ್ಧದ ಮೇಲೆ ಅಂಗಡಿ ಮೆಟ್ಲು ಬಂದಿದೆ.

ಟಾರ್ ಹಾಕೋ ದಿನ ಯಾರಾದ್ರೂ ನಿಂತ್ಕೊಂಡು ನೋಡ್ಲೇಬೇಕು. ಮೊದ್ಲು ಎಮಲ್ಷನ್ ಅಂತ, ನೀರಲ್ಲಿ ಬೆರೆಸಿದ ಟಾರು, ಸಿಂಪಡಿಸ್ತಾರೆ, ಅದು ಬಿದ್ದ ತಕ್ಷಣ ಕಾಫಿ ಬಣ್ಣ ಇರುತ್ತೆ, ನೀರು ಬಿಟ್ಟು ಪೂರ್ತಿ ಕಪ್ಪಾಗೋ ತಂಕ ಕಾಯ್ಬೇಕು, ಕಾಫಿ ಬಣ್ಣ ಇದ್ದಂಗೇ ಮೇಲೆ ಮಾಲ್, ಅಂದ್ರೆ ಟಾರ್ ಕಲಸಿದ ಬಿಸಿ ಜಲ್ಲಿ, ಸುರಿದ್ರೆ ಅಂಟಲ್ಲ, ಆಮೇಲೆ ಚಪಾತಿ ಎದ್ದಂಗೆ ಏಳುತ್ತೆ. ಮಾಲು ಹಾಸೋವಾಗ 140 ಡಿಗ್ರಿ ಮೇಲಿರ್ಬೇಕು, ಆರಿದ ಮಾಲಿಗೆ ಎಷ್ಟ್ ರೋಲರ್ ಓಡಿಸಿದ್ರೂ ಪ್ರಯೋಜನ ಇಲ್ಲ. ಇದನ್ನ ನಾನೇ ಬಂದು ನೋಡ್ಕೋತೀನಿ, ರಜ ಹಾಕ್ತೀನಿ.

ಸರಿ, ಇದೆಲ್ಲ ಮಾಡಿದ್ರೆ ರೋಡು ಚೆನ್ನಾಗಾಗುತ್ತೆ. ನನಗೆ ಭಯ ಇರೋದೇ ಅಲ್ಲಿ. ಅತ್ತೆಗೆ ಆಕ್ಸಿಡೆಂಟ್ ಆಗಿದ್ದು ಯಾವಾಗ ಹೇಳಿ? ಹೋದ್ ಸಲ ಟಾರ್ ಹಾಕಿ ಎರಡು ವಾರಕ್ಕೆ. ಸಂಜೆ ಡೈರಿ ಟೈಮು, ಕೈಯಲ್ಲಿ ಹಾಲಿನ ಕ್ಯಾನು, ಎಡಕ್ಕೆ ನೋಡಿದ್ದಾರೆ ಬಲಕ್ಕೆ ನೋಡಿದ್ದಾರೆ, ಬೈಕು ದೂರ ಸೊಸೈಟಿ ಗೋಡೌನ್ ಹತ್ರ ಇತ್ತಂತೆ. ಗುಂಡಿ ಇದ್ದಾಗ ಅಷ್ಟ್ ದೂರದಿಂದ ಬೈಕ್ ಬರೋದ್ರೊಳಗೆ ನಿಧಾನಕ್ಕೆ ದಾಟ್ಬೋದಿತ್ತು, ನಲ್ವತ್ತು ವರ್ಷದಿಂದ ದಾಟಿರೋ ಅಂದಾಜು ಅದು. ಹೊಸ ರೋಡಲ್ಲಿ ಆ ಅಂದಾಜೇ ತಪ್ಪೋಯ್ತು. ನಾನು ಓಡಿ ಹೋಗೋಷ್ಟ್ರಲ್ಲಿ ಹಾಲು ಕಪ್ಪು ಟಾರ್ ಮೇಲೆ ಬೆಳ್ಳಗೆ ಮೋರಿ ಕಡೆ ಹರೀತಿತ್ತು, ಅತ್ತೆ ಪ್ರಜ್ಞೆ ಇದ್ರೂ ಏಳಕ್ಕಾಗ್ತಿಲ್ಲ, ಹಾಲ್ ಹೋಯ್ತಲ್ಲ ಹಾಲ್ ಹೋಯ್ತಲ್ಲ ಅಂತಿದ್ರು. ಸೊಂಟದ ಮೂಳೆ ಮುರಿದು ಇವತ್ತಿಗೂ ವಾಕರ್ ಹಿಡಿದೇ ನಡೆಯೋದು. ಗುಂಡಿ ಇರ್ಲಿ ಅಂತ ನಾನ್ ಹೇಳ್ತಿಲ್ಲ, ಗುಂಡಿಗೆ ಬಿದ್ದು ಸತ್ತವ್ರೂ ಇದ್ದಾರೆ. ಆದ್ರೆ ನುಣ್ಣಗೆ ಮಾಡಿ ಬಿಟ್ರೆ ಸ್ಪೀಡ್ ಬರುತ್ತೆ, ಬರೋ ಸ್ಪೀಡನ್ನ ರೋಡಿನ ಆಕಾರದಲ್ಲೇ ತಡೀಬೇಕು, ಬೋರ್ಡ್ ಹಾಕಿದ್ರೆ ಯಾರೂ ಓದಲ್ಲ.

ಲೆಕ್ಕ ನೋಡಿ. 50ರಲ್ಲಿ ಬರೋ ಗಾಡಿ ಒಂದ್ ಸೆಕೆಂಡಿಗೆ 14 ಮೀಟರ್ ಹೋಗುತ್ತೆ, 30ರಲ್ಲಿ ಬರೋದು 8 ಮೀಟರ್. ಅಂದ್ರೆ 50ರಲ್ಲಿ ಬರೋದು ಬ್ರೇಕ್ ಮೇಲೆ ಕಾಲಿಡೋಷ್ಟ್ರಲ್ಲೇ ಡೈರಿ ಬಾಗ್ಲಿಂದ ಅರಳಿಕಟ್ಟೆ ದಾಟಿರುತ್ತೆ. ಸರಾಸರಿ ಸ್ಪೀಡ್ 1 ಪರ್ಸೆಂಟ್ ಜಾಸ್ತಿ ಆದ್ರೆ ಸಾವಿನ ಆಕ್ಸಿಡೆಂಟ್ ಅಪಾಯ 4 ಪರ್ಸೆಂಟ್ ಜಾಸ್ತಿ ಆಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳುತ್ತೆ. 2022ರಲ್ಲಿ ನಮ್ ದೇಶದಲ್ಲಿ ರೋಡಲ್ಲಿ ಸತ್ತವ್ರು 1,68,491 ಜನ, ಅದ್ರಲ್ಲಿ 32,825 ಜನ ಬರೀ ನಡ್ಕೊಂಡ್ ಹೋಗ್ತಿದ್ದವ್ರು. ಗಾಡಿ ಇಲ್ಲ, ಹೆಲ್ಮೆಟ್ ಪ್ರಶ್ನೆ ಇಲ್ಲ, ನಮ್ ಅತ್ತೆ ಥರ ಕೈಯಲ್ಲಿ ಏನೋ ಹಿಡ್ಕೊಂಡು ದಾಟ್ತಿದ್ದವ್ರು.

ಈಗ ರೋಡ್ ಸಣ್ಣದಾಗುತ್ತೆ ಅನ್ನೋ ವಿಷ್ಯ. ಹಬ್ಬದಲ್ಲಿ ಅಳತೆ ತಗೊಂಡಿದೀನಿ. ಅರಳಿಕಟ್ಟೆ ಹತ್ರ ಗೋಡೆಯಿಂದ ಗೋಡೆಗೆ 9.4 ಮೀಟರ್, ಗಾಣದ ಮನೆ ಹತ್ರ 8 ಮೀಟರ್. ಗಾಡಿಗೆ 5.5 ಮೀಟರ್ ಬಿಟ್ರೆ ಬಸ್ಸೂ ಕಬ್ಬಿನ ಟ್ರ್ಯಾಕ್ಟರ್ರೂ ಎದುರು ಬದರು ಬಂದ್ರೂ ನಿಧಾನಕ್ಕೆ ದಾಟ್ಕೊಂಡು ಹೋಗ್ಬೋದು, ಆ ನಿಧಾನವೇ ನಮಗೆ ಬೇಕಾಗಿರೋದು. ರೋಡ್ ಹೆಂಗಿರ್ಬೇಕು ಅಂತ ಅಳತೆ ನಿಯಮ ಬರೆಯೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಫುಟ್‌ಪಾತ್ ಕಮ್ಮಿ ಅಂದ್ರೂ 1.8 ಮೀಟರ್ ಇರ್ಬೇಕು, ಎರಡ್ ಕಡೆ ಸೇರಿ 3.6, ಒಟ್ಟು 9.1, ಅರಳಿಕಟ್ಟೆ ಹತ್ರ ಸರಿಯಾಗಿ ಕೂರುತ್ತೆ. ಗಾಣದ ಮನೆ ಹತ್ರ ಒಂದೇ ಕಡೆ ಮಾಡ್ಲಿ, ಸ್ಕೂಲ್ ಇರೋ ಕಡೆ. ಯಾರ ಜಾಗನೂ ಹೋಗಲ್ಲ, ಮೋರಿ ಮೇಲೇ ಚಪ್ಪಡಿ ಮುಚ್ಚಿ ನಡೆಯೋಕೆ ಬಿಡೋದು, ಅಲ್ಲಲ್ಲಿ ಚಪ್ಪಡಿ ಎತ್ತಿ ಹೂಳು ತೆಗೆಯೋ ಹಂಗಿರ್ಬೇಕು ಅಷ್ಟೇ. ಎತ್ತರ 15 ಸೆಂಟಿಮೀಟರ್ ದಾಟಬಾರ್ದು, ಇಲ್ಲಾಂದ್ರೆ ವಯಸ್ಸಾದವ್ರು ಹತ್ತಲ್ಲ, ಮತ್ತೆ ರೋಡಲ್ಲೇ ನಡೀತಾರೆ. ವಾಕರ್ ಇಟ್ಕೊಂಡಿರೋ ಅತ್ತೆಗೆ ಅಲ್ಲಲ್ಲಿ ಇಳಿಜಾರೂ ಬೇಕು.

ಅಂಗಡಿ ಅಣ್ಣ ನಿನ್ನೆ ಕೇಳಿದ್ರಲ್ಲ, ಬೈಕ್ ನಿಲ್ಸೋಕೆ ಜಾಗ ಇಲ್ದಿದ್ರೆ ಗಿರಾಕಿ ಬರಲ್ಲ ಅಂತ. ಅಣ್ಣ, ನಿಮ್ ಅಂಗಡಿಗೆ ಬೆಳಿಗ್ಗೆ ಬರೋರಲ್ಲಿ ನಡ್ಕೊಂಡ್ ಬರೋರೇ ಜಾಸ್ತಿ, ನೀವೇ ಒಂದ್ ದಿನ ಎಣಿಸಿ ನೋಡಿ. ಹಳೇ ಚಾವಡಿ ಪಕ್ಕ ಖಾಲಿ ಜಾಗ ಇದೆ, ಹತ್ತಿಪ್ಪತ್ತು ಬೈಕ್ ನಿಲ್ಲುತ್ತೆ, ಅಲ್ಲಿಂದ ನಿಮ್ ಅಂಗಡಿಗೆ ಮೂವತ್ತು ಹೆಜ್ಜೆ.

ಹಂಪ್ಸ್ ವಿಷ್ಯಕ್ಕೆ ಬರ್ತೀನಿ, ದೊಡ್ಡಪ್ಪ ಹೇಳಿದ್ದು ಪೂರ್ತಿ ತಪ್ಪಲ್ಲ, ಆದ್ರೆ ಎಂಥ ಹಂಪ್ಸ್ ಅನ್ನೋದು ಮುಖ್ಯ. ಈಗ ಬಸ್‌ಸ್ಟಾಪ್ ಹತ್ರ ಇರೋದು ಮಿಕ್ಕಿದ ಟಾರ್ ಗುಡ್ಡೆ ಹಾಕಿದ್ದು, ಎರಡಡಿ ಅಗಲ, ಬೆನ್ ಮುರಿಯೋ ಎತ್ತರ, ಬಣ್ಣ ಇಲ್ಲ ಬೋರ್ಡ್ ಇಲ್ಲ, ರಾತ್ರಿ ಹೊಸಬರಿಗೆ ಕಾಣೋದೇ ಇಲ್ಲ. ಎಂಟ್ ತಿಂಗಳ ಬಸುರಿ ಗಂಡನ ಬೈಕಿಂದ ಅಲ್ಲೇ ಬಿದ್ದಿದ್ದು, ಕಬ್ಬಿನ ಲೋಡು ಪಕ್ಕಕ್ಕೆ ವಾಲಿದ್ದೂ ಅಲ್ಲೇ. ಲೆಕ್ಕದ ಪ್ರಕಾರ ಹಂಪ್ಸ್ ಅಂದ್ರೆ 3.7 ಮೀಟರ್ ಉದ್ದಕ್ಕೆ ನಿಧಾನಕ್ಕೆ ಏರಿ ಇಳಿಯೋದು, ನಡುವೆ 10 ಸೆಂಟಿಮೀಟರ್ ಎತ್ತರ, 25ರಲ್ಲಿ ಬಂದವ್ನಿಗೆ ಏನೂ ಆಗಲ್ಲ, 50ರಲ್ಲಿ ಬಂದವ್ನಿಗೆ ಮಾತ್ರ ಜಾಡಿಸುತ್ತೆ. 40 ಮೀಟರ್ ಮೊದ್ಲೇ ಬೋರ್ಡ್ ಇರ್ಬೇಕು. ಡೈರಿ ಮುಂದೆ, ಸ್ಕೂಲ್ ಗೇಟ್ ಮುಂದೆ ಅದೂ ಬೇಡ, ಅಲ್ಲಿ ಜಗಲಿ ಥರ ಮೇಲೆ ಚಪ್ಪಟೆಯಾಗಿರೋದು ಮಾಡ್ಬೇಕು, ಎರಡೂ ಕಡೆ ಫುಟ್‌ಪಾತ್ ಮಟ್ಟಕ್ಕೆ ಹತ್ರ ಬರ್ಬೇಕು, ಅದ್ರ ಮೇಲೆ ಜೀಬ್ರಾ ಗೆರೆ. ಆಗ ಅತ್ತೆ ರೋಡಿಗೆ ಇಳಿಯಲ್ಲ, ಗಾಡಿಯವ್ನೇ ಅತ್ತೆ ಮಟ್ಟಕ್ಕೆ ಹತ್ತಿ ಬರ್ಬೇಕು. ತೇರಿನ ಚಕ್ರಕ್ಕೂ ತೊಂದ್ರೆ ಇಲ್ಲ, ಇಳಿಜಾರು ಉದ್ದ ಮಾಡಿಸ್ಕೊಳ್ಳೋಣ, ದೇವಸ್ಥಾನದವ್ರನ್ನೂ ಕೂರಿಸ್ಕೊಂಡೇ ಮಾತಾಡೋಣ.

ಕಬ್ಬಿನ ಸೀಸನ್ ಇನ್ನೊಂದ್ ವಿಷ್ಯ, ಜೋಡಿ ಟ್ರೇಲರ್ ಹಿಂದೆ ಒಂದು ಲೈಟ್ ಇರಲ್ಲ. ಅದು ರೋಡ್ ಕೆಲಸಕ್ಕೆ ಸೇರಲ್ಲ, ಆದ್ರೆ ನಮ್ಮೂರ ಟ್ರ್ಯಾಕ್ಟರ್‌ಗಳಿಗಾದ್ರೂ ಎಲ್ಲ ಸೇರಿ ರೇಡಿಯಂ ಪಟ್ಟಿ ಅಂಟಿಸ್ಬೋದು, ದುಡ್ಡು ಎಷ್ಟಾಗುತ್ತೆ, ಯುವಕ ಸಂಘದವ್ರು ಯೋಚ್ನೆ ಮಾಡಿ.

ಇಂಜಿನಿಯರ್‌ನ ಬೈಬೇಡಿ, ಅವ್ರು ತಾವಾಗೇ ಫುಟ್‌ಪಾತ್ ಮಾತು ಎತ್ತಿರೋದು ನಮ್ ಪುಣ್ಯ. ಮೋಟಾರ್ ವಾಹನ ಕಾಯ್ದೆಗೆ 2019ರಲ್ಲಿ 198ಎ ಅಂತ ಒಂದು ಸೆಕ್ಷನ್ ಸೇರ್ಸಿದ್ದಾರೆ, ರೋಡನ್ನ ನಿಯಮದ ಪ್ರಕಾರ ಮಾಡ್ದೆ ಅದ್ರಿಂದ ಯಾರಾದ್ರೂ ಸತ್ರೆ ಅಥವಾ ಕೈಕಾಲು ಕಳ್ಕೊಂಡ್ರೆ ಮಾಡಿದವ್ರಿಗೆ ಒಂದ್ ಲಕ್ಷದ ತಂಕ ದಂಡ. ನಾವೇ ಅವ್ರನ್ನ ತಡೆದು ಬರೀ ಟಾರ್ ಹಾಕಿಸ್ಕೊಂಡ್ರೆ ನಾಳೆ ಯಾರನ್ನ ಕೇಳೋದು? ಗ್ರಾಮಸಭೇಲಿ ಒಂದು ನಿರ್ಣಯ ಬರೆಸೋಣ, ಕೆರೆಯೋದು, ಮೋರಿ, ಫುಟ್‌ಪಾತು, ಡೈರಿ ಮುಂದೆ ಸ್ಕೂಲ್ ಮುಂದೆ ಎತ್ತರದ ದಾಟು, ಆಮೇಲೆ ಟಾರು, ಇದೇ ಕ್ರಮದಲ್ಲಿ.

ಮಂಗಳವಾರ ಇಂಜಿನಿಯರ್ ಬರ್ತಾರೆ ಅಂದ್ರಲ್ಲ, ಅದಕ್ಕೆ ಮೊದ್ಲು ಭಾನುವಾರ ಬೆಳಿಗ್ಗೆ ನಾನು ಫಸ್ಟ್ ಬಸ್ಸಿಗೆ ಬರ್ತೀನಿ. ಡೈರಿ ಮುಗಿದ ಮೇಲೆ ಏಳೂವರೆಗೆ ಅರಳಿಕಟ್ಟೆ ಹತ್ರ ಸೇರೋಣ. 5.5 ಮೀಟರ್ ಅಳೆದು ಎರಡ್ ಕಡೆ ಸುಣ್ಣದಲ್ಲಿ ಗೆರೆ ಎಳೀತೀನಿ, ಎಂಟೂ ಹತ್ತರ ಬಸ್ಸು ಬರ್ಲಿ, ಯಾರಾದ್ರೂ ಟ್ರ್ಯಾಕ್ಟರ್ ಎದುರಿಂದ ತನ್ನಿ, ಗೆರೆ ಒಳಗೇ ದಾಟುತ್ತಾ ಇಲ್ವಾ ಎಲ್ರೂ ಕಣ್ಣಾರೆ ನೋಡಿ. ದಾಟ್ಲಿಲ್ಲ ಅಂದ್ರೆ ನಾನೇ ಇಂಜಿನಿಯರ್‌ಗೆ ಬೇಡ ಅಂತೀನಿ. ದೊಡ್ಡಪ್ಪ, ನೀವೇ ಟೇಪಿನ ಒಂದ್ ತುದಿ ಹಿಡ್ಕೋಬೇಕು. ಅತ್ತೆಗೆ ಒಂದ್ ಕುರ್ಚಿ ಹಾಕ್ಸಿ, ಎಲ್ಲಿ ದಾಟೋಕೆ ಬೇಕು ಅಂತ ಅವ್ರೇ ತೋರಿಸ್ಲಿ. ಟೇಪ್ ನನ್ ಹತ್ರ ಇದೆ, ಸುಣ್ಣದ ಪುಡಿ ಒಂದ್ ಐದ್ ಕೆಜಿ ಯಾರು ತರ್ತೀರ ಹೇಳಿ.